ಮುತ್ತಜ್ಜನ ಪಲ್ಟನ್ ದಾಖಲೆ ಹುಡುಕಿದವರು ಇದ್ದೀರಾ?

ಡೊಂಬಿವಲಿಯಿಂದ ಪ್ರಶ್ನೆ: ನಮ್ಮ ತಾಯಿಯ ಅಜ್ಜ ಬೈಲಹೊಂಗಲ ಕಡೆಯವರು. ಮೊದಲನೇ ಮಹಾಯುದ್ಧದಲ್ಲಿ 110ನೇ ಮರಾಠಾ ಪಲ್ಟನ್ನಿನೊಂದಿಗೆ ಇರಾಕಿನ ಬಸ್ರಾಕ್ಕೆ ಹೋಗಿದ್ದರು, ಬದುಕಿ ಮರಳಿದರು ಎಂಬುದಷ್ಟೇ ಗೊತ್ತು. ಮನೆಯಲ್ಲಿ ನಕ್ಷತ್ರದಾಕಾರದ ಒಂದು ಪದಕವಿದೆ. ಅವರ ತಂದೆಯ ಹೆಸರು, ಮೂಲ ಊರು ಬೇಕಾಗಿದೆ. ಲಂಡನ್ನಿನಲ್ಲಿ ಹಣ ಕೊಟ್ಟು ಹುಡುಕಿಸಬಹುದೇ?

ಮುಲುಂಡ್: ಒಂದು ಪೈಸೆಯನ್ನೂ ಕೊಡಬೇಡಿ. ನಮ್ಮ ಅಜ್ಜನ ತಂದೆ ಅದೇ ಇರಾಕಿನ ಕೂತ್ ಊರಿನ ಮುತ್ತಿಗೆಯಲ್ಲಿ ಸಿಕ್ಕಿಬಿದ್ದವರು. 1916ರ ಏಪ್ರಿಲ್ 29ರಂದು ಸೇನಾಪತಿ ಟೌನ್ಶೆಂಡ್ ಸಾಹೇಬರು ಶರಣಾದರು, ಸಿಪಾಯಿಗಳು ತುರ್ಕರ ಸೆರೆಯಾದರು. ಅಲ್ಲಿಂದ ಮುಂದೆ ನಮ್ಮ ಮನೆಯಲ್ಲಿ ಕಥೆಯೇ ಇಲ್ಲ. ಅದಕ್ಕೆಂದು ಲಂಡನ್ನಿನ ಶೋಧಕರೊಬ್ಬರಿಗೆ 120 ಪೌಂಡ್ ಮುಂಗಡ ಕೊಟ್ಟೆ. ಛಾಯಾಪ್ರತಿಗೆಂದು ಇನ್ನೂ 40 ಕೇಳಿದರು. ಬ್ಯಾಂಕಿನವರು ಕಳುಹಿಸುವ ಶುಲ್ಕ ಹಿಡಿದರು, ಆ ಶುಲ್ಕದ ಮೇಲೆ ತೆರಿಗೆ ಹಿಡಿದರು, ವಿನಿಮಯ ದರದಲ್ಲಿಯೂ ಅಷ್ಟು ಕೆರೆದುಕೊಂಡರು. ಬಂದದ್ದೇನು? ಪಲ್ಟನ್ನಿನ ಯುದ್ಧ ದಿನಚರಿ. ಗೋರಾ ಅಧಿಕಾರಿಗೆ ಜ್ವರ ಬಂದರೆ ಹೆಸರು ಹಿಡಿದು ಬರೆದಿದ್ದಾರೆ. ನಮ್ಮವರು ಸತ್ತರೆ ಇಷ್ಟು ಜನ ಎಂದು ಒಂದು ಅಂಕಿ. ಆ ದಿನಚರಿ ಲಂಡನ್ನಿನ ಕ್ಯೂ ಬಡಾವಣೆಯಲ್ಲಿರುವ ಬ್ರಿಟನ್ನಿನ ರಾಷ್ಟ್ರೀಯ ಪತ್ರಾಗಾರದ ಡಬ್ಲ್ಯುಒ 95 ಸರಣಿಯಲ್ಲಿದೆ, ಮನೆಯಲ್ಲಿ ಕುಳಿತು ಕೆಲವೇ ಪೌಂಡಿಗೆ ಇಳಿಸಿಕೊಳ್ಳಬಹುದು. ಆ ಪುಣ್ಯಾತ್ಮ ಅದನ್ನು ಹೇಳಲಿಲ್ಲ. ಬ್ರಿಟಿಷ್ ಲೈಬ್ರರಿಯ ಇಂಡಿಯಾ ಆಫೀಸ್ ಕಡತಗಳಲ್ಲಿ ಅಧಿಕಾರಿಗಳು ಮತ್ತು ಗೋರಾ ಸೈನಿಕರು ಸಿಗುತ್ತಾರೆ, ಸಿಪಾಯಿಯ ಸೇವಾ ಕಡತಕ್ಕಾಗಿ ಅಲ್ಲಿ ಹಣ ಸುರಿಯುವುದು ದಂಡ. 2021ರಲ್ಲಿ ಲಾಹೋರ್ ಮ್ಯೂಸಿಯಂ ರಿಜಿಸ್ಟರುಗಳಿಂದ ಸುಮಾರು 3,20,000 ಸೈನಿಕರ ವಿವರ ಹೊರಬಂತೆಂದು ನನ್ನ ಮೈದುನ ಕುಣಿದಾಡಿದ. ಅದಷ್ಟೂ ಪಂಜಾಬಿನದು.

ಪಿಂಪ್ರಿ: ಲಂಡನ್ನಿಗೆ ಏಕೆ ಹೋಗಬೇಕು? ದಾಖಲೆ ನಮ್ಮ ದೇಶದಲ್ಲಿಯೇ ಇದೆ, ಕೇಳುವ ಕ್ರಮ ಗೊತ್ತಿರಬೇಕು. ನಮ್ಮ ದೊಡ್ಡಜ್ಜ ಎರಡನೇ ಯುದ್ಧದವರು. ಅವರ ಪಲ್ಟನ್ ಯಾವುದೆಂದು ಬರೆಯುವುದಿಲ್ಲ, ಕಚೇರಿಯವರ ಮುಖ ಮತ್ತೆ ನೋಡಬೇಕಾಗಿದೆ. ಪಲ್ಟನ್ನಿನ ದಾಖಲೆ ಕಚೇರಿಗೆ ಅರ್ಜಿ ಹಾಕಿದೆ. ವಾರಸುದಾರ ಎಂಬುದಕ್ಕೆ ಅಫಿಡವಿಟ್ ಬೇಕೆಂದರು. ಬಾಂಡ್ ಪೇಪರಿಗೆ 100 ರೂಪಾಯಿ, ಅದನ್ನು ಕೊಡುವವನಿಗೆ ಮೇಲೆ 20, ನೋಟರಿಗೆ 350, ಟೈಪಿಗೆ 60. ಆಮೇಲೆ ವಂಶವೃಕ್ಷ ತನ್ನಿ ಎಂದರು. ವಂಶ ಹುಡುಕಲು ಹೊರಟವನಿಗೆ ವಂಶವೃಕ್ಷ ತಾ ಎನ್ನುತ್ತಾರೆ! ಅದಕ್ಕೆ ಊರಿನ ನಾಡಕಚೇರಿ, ಅಲ್ಲಿ ತಲಾಠಿಯ ರಜೆ. ಕೊನೆಗೆ ಬಂದ ಉತ್ತರ: ಪೆನ್ಷನ್ ಇಲ್ಲದವರ ಶೀಟ್ ರೋಲನ್ನು, ಅಂದರೆ ಪೂರ್ತಿ ಸೇವಾ ಕಡತವನ್ನು, 25 ವರ್ಷವಷ್ಟೇ ಇಡುತ್ತಾರೆ, ಅದು ನಾಶವಾಗಿದೆ. ಆದರೆ ಲಾಂಗ್ ರೋಲ್, ಅಂದರೆ ಒಬ್ಬೊಬ್ಬರಿಗೆ ಒಂದು ಸಾಲಿನ ರಿಜಿಸ್ಟರು, ಉಳಿದಿತ್ತು. ನಂಬರು, ಹೆಸರು, ಭರ್ತಿಯಾದ ತಾರೀಖು, ಬಿಡುಗಡೆಯಾದ ತಾರೀಖು, ಊರು. ಆ ಹಾಳೆಗೆ ಲ್ಯಾಮಿನೇಷನ್ ಮಾಡಿಸಿದ್ದೇನೆ.

ನಂಬರಿಲ್ಲದೆ ಹೋದರೆ ಯಾವ ಗುಮಾಸ್ತನೂ ರಿಜಿಸ್ಟರು ತೆರೆಯುವುದಿಲ್ಲ. ನಂಬರು ಪದಕದ ಮೇಲೆಯೇ ಇರುತ್ತದೆ. ನಕ್ಷತ್ರವಾದರೆ ಹಿಂಬದಿಯಲ್ಲಿ, ದುಂಡನೆಯದಾದರೆ ಅಂಚಿನಲ್ಲಿ ಒತ್ತಿರುತ್ತಾರೆ: ನಂಬರು, ಹುದ್ದೆ, ಹೆಸರು, ಪಲ್ಟನ್. ಓರೆ ಬೆಳಕಿನಲ್ಲಿ ಹಿಡಿದು ಭೂತಗನ್ನಡಿಯಿಂದ ನೋಡಿ. ಹುಣಸೆಹಣ್ಣು ಹಚ್ಚಿ ತಿಕ್ಕಬೇಡಿ. ನಮ್ಮ ಕಾಕಾ ಪ್ರತಿ ದಸರೆಗೆ ತಿಕ್ಕಿ ತಿಕ್ಕಿ ಅಕ್ಷರಗಳನ್ನು ಅಳಿಸಿಯೇಬಿಟ್ಟಿದ್ದರು. ಅವರ ತಂದೆಯ ಕಾಲದ ಬೆಳ್ಳಿಯ ಪದಕ ಇನ್ನೊಂದಿತ್ತು, ಸೋದರತ್ತೆ ಕರಗಿಸಿ ಕಾಲುಂಗುರ ಮಾಡಿಸಿಕೊಂಡರು. ಕೇಳಿದರೆ ಈಗಲೂ ನನಗೇ ಬೈಯುತ್ತಾರೆ.

ಮುಲುಂಡ್: ಸಿಕ್ಕಿದ್ದು ಒಂದು ಸಾಲು, ಅದಕ್ಕೆ ಲ್ಯಾಮಿನೇಷನ್ ಬೇರೆ. ತಂದೆಯ ಹೆಸರು ಇದೆಯೇ ಅದರಲ್ಲಿ?

ಪಿಂಪ್ರಿ: ಊರು ಇದೆಯಲ್ಲ. ನಿಮ್ಮ 160 ಪೌಂಡಿಗೆ ಅದೂ ಬರಲಿಲ್ಲ.

ಖಡಕಿ: ಇಬ್ಬರೂ ಸುಮ್ಮನೆ ಕಾದಾಡುತ್ತಿದ್ದೀರಿ. ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗದ ಪಟ್ಟಿ ಜಾಲದಲ್ಲಿ ಪುಕ್ಕಟೆ ಇದೆ. ಬಸ್ರಾ ಸ್ಮಾರಕದ ಫಲಕಗಳಲ್ಲಿ ಸಿಪಾಯಿಗಳ ಹೆಸರಿಲ್ಲ, ಪಲ್ಟನ್ನಿನ ಕೆಳಗೆ ಸಂಖ್ಯೆ ಮಾತ್ರ ಕೆತ್ತಿದ್ದಾರೆ. ಪಟ್ಟಿಯಲ್ಲಿ ಹೆಸರುಗಳಿವೆ. ಕೆಲವರ ಮುಂದೆ ಇಂಥವರ ಮಗ, ಇಂಥ ಊರು, ಇಂಥ ತಾಲೂಕು ಎಂದೂ ಇರುತ್ತದೆ. ಬೈಲಹೊಂಗಲ ಎಂದು ಹುಡುಕಿದರೆ ಏನೂ ಬರುವುದಿಲ್ಲ, ಆಗ ಅದು ಸಂಪಗಾವಿ ತಾಲೂಕು. ಸವದತ್ತಿಯದು ಪರಸಗಡ. ನಮ್ಮ ಅಜ್ಜಿಯ ಅಣ್ಣ ನನಗೆ ಪರಸಗಡದಲ್ಲಿಯೇ ಸಿಕ್ಕರು.

ಮುಲುಂಡ್: ಅದರಲ್ಲಿ ಇರುವವರು ಸತ್ತವರು. ಪ್ರಶ್ನೆ ಕೇಳಿದವರ ಅಜ್ಜ ಮರಳಿ ಬಂದಿದ್ದಾರೆ. ಓದಿ ಉತ್ತರ ಬರೆಯಿರಿ.

ಖಡಕಿ: ಜೊತೆಗೆ ಹೋದ ಅಣ್ಣತಮ್ಮಂದಿರು ಸತ್ತಿರಬಹುದಲ್ಲ ತಾಯಿ. ಒಂದು ಊರಿನಿಂದ ಒಬ್ಬನೇ ಹೋಗುತ್ತಿದ್ದನೇ?

ಕಲ್ಯಾಣ್: ನಂಬರಿಗೆ ಇಷ್ಟು ಜಗಳವಾಡುವವರು ಅದೃಷ್ಟವಂತರು. ನಮ್ಮ ಮಹಾರ್ ಜನರಿಗೆ 1890ರ ದಶಕದಲ್ಲಿ ಭರ್ತಿಯ ಬಾಗಿಲನ್ನೇ ಮುಚ್ಚಿದರು. ಯುದ್ಧಕ್ಕೆ ಜನ ಸಾಲದಾದಾಗ 1917ರಲ್ಲಿ 111ನೇ ಮಹಾರ್ ಪಲ್ಟನ್ ಕಟ್ಟಿದರು, 1921ರಲ್ಲಿ ವಿಸರ್ಜಿಸಿದರು. ಮತ್ತೆ 1941ರ ಅಕ್ಟೋಬರ್ 1ರಂದು ಮಹಾರ್ ರೆಜಿಮೆಂಟ್ ಹುಟ್ಟಿದ್ದು ಬೆಳಗಾವಿಯಲ್ಲಿ. ನಮ್ಮ ಅಜ್ಜ ಸೇರಿದ್ದು ಅಲ್ಲಿಯೇ. ನಾನು ಯಾವ ಕಚೇರಿಗೂ ಅಲೆಯಲಿಲ್ಲ. ಅವರ ಡಿಸ್ಚಾರ್ಜ್ ಬುಕ್ಕನ್ನು ಅಜ್ಜಿ ಟ್ರಂಕಿನ ತಳದಲ್ಲಿ, ರೇಷನ್ ಕಾರ್ಡಿನ ಜೊತೆ ಕಟ್ಟಿಟ್ಟಿದ್ದರು. ಎತ್ತರ, ಎಡ ಹುಬ್ಬಿನ ಮೇಲಿನ ಗಾಯದ ಗುರುತು, ತಂದೆಯ ಹೆಸರು, ಹಳ್ಳಿ, ಅಂಚೆ ಎಲ್ಲವೂ ಅದರಲ್ಲಿವೆ. ನೇರಳೆ ಶಾಯಿಯ ಹೆಬ್ಬೆಟ್ಟಿನ ಗುರುತು ಹಾಳೆಯ ಆಚೆಗೂ ಮೂಡಿದೆ. ಮೊದಲು ನಿಮ್ಮ ಮನೆಯ ಟ್ರಂಕುಗಳನ್ನು ತೆಗೆಯಿರಿ.

ಸದಾಶಿವ ಪೇಠ್: ದಾಖಲೆಯ ವಿಚಾರದಲ್ಲಿ ಜಾತಿಯನ್ನು ಎಳೆದು ತರುವುದು ಏಕೋ. ನಮ್ಮ ಮೂಲ ಪುರುಷರು ಪೇಶ್ವೆಯವರಲ್ಲಿ ಶಿಲೇದಾರರು, ಸ್ವಂತ ಕುದುರೆಯ ಸವಾರರು. ಇಲ್ಲಿ ಪುಣೆಯ ಪತ್ರಾಗಾರದ ಪೇಶ್ವೆ ದಫ್ತರದಲ್ಲಿ ಮೋಡಿ ಎಂಬ ಹಳೆಯ ಮರಾಠಿ ಲಿಪಿಯ ಕಾಗದ ತೆಗೆಸಿದೆ. ಓದಿಕೊಡುವವರು ಪುಟಕ್ಕೆ 400 ರೂಪಾಯಿ ತೆಗೆದುಕೊಂಡರು, ಅಳಿಸಿದ ಸಾಲುಗಳಿಗೂ ಬಿಡಲಿಲ್ಲ. ಕುದುರೆಯ ಬಣ್ಣದವರೆಗೆ ವಿವರವಿದೆ.

ಕಲ್ಯಾಣ್: ಜಾತಿಯನ್ನು ನಾನು ತಂದಿಲ್ಲ. ಭರ್ತಿಯ ಕಾಗದದಲ್ಲಿ ಅದಕ್ಕೊಂದು ಕಾಲಮನ್ನೇ ಇಟ್ಟಿದ್ದರು. ನಿಮ್ಮ ಕುದುರೆಗೆ ಬಣ್ಣ ಸಿಕ್ಕಿತು, ಅದರ ಲಾಯ ಗುಡಿಸಿದವನ ಹೆಸರು ಆ ಪುಟದಲ್ಲಿದ್ದರೆ ತಿಳಿಸಿ.

ವಾಸ್ಕೊ: ನಮ್ಮದು ಇನ್ನೂ ಕಷ್ಟ. ಕಾರವಾರದಿಂದ ಗೋವೆಗೆ ಬಂದು ಪೋರ್ಚುಗೀಸರ ಪಲ್ಟನ್ನಿಗೆ ಸೇರಿದವರು. 1895ರಲ್ಲಿ ಮೊಜಾಂಬಿಕ್‌ಗೆ ಹೋಗಲೊಲ್ಲೆವೆಂದು ಮರಾಠಾ ಸಿಪಾಯಿಗಳು ದಂಗೆ ಎದ್ದು ಸತ್ತರಿಯ ಬಂಡುಕೋರ ರಾಣೆಯವರನ್ನು ಕೂಡಿಕೊಂಡರಲ್ಲ, ಅದರಲ್ಲಿ ನಮ್ಮವರೂ ಇದ್ದರೆಂದು ಮನೆಯ ಮಾತು. ಪಣಜಿಯ ಪತ್ರಾಗಾರದಿಂದ ತಂದ ಪ್ರತಿಗಳು ಮೇಜಿನ ಮೇಲಿವೆ, ಓದಲು ಬರುವುದಿಲ್ಲ. ಪೋರ್ಚುಗೀಸ್ ಬಲ್ಲವರು ಯಾರಾದರೂ ಇದ್ದಾರೆಯೇ? ಪುಟಕ್ಕೆ 400 ಕೊಡುವ ಶಕ್ತಿ ನನಗಿಲ್ಲ.

ಪಿಂಪ್ರಿ: ವಾಸ್ಕೊದವರೇ, ಇಲ್ಲಿ ಬಸ್ರಾದ ವಿಚಾರ ನಡೆದಿದೆ. ಬೇರೆ ಪ್ರಶ್ನೆ ಹಾಕಿ.

ಸದಾಶಿವ ಪೇಠ್: ನನ್ನ ಪರಿಚಯದವರೊಬ್ಬರು ಪೋರ್ಚುಗೀಸ್ ಓದುತ್ತಾರೆ, ದರ ಕೇಳಿ ತಿಳಿಸುತ್ತೇನೆ. ಕಲ್ಯಾಣದವರು ಮಾತ್ರ ಲಾಯದ ಮಾತನ್ನು ಹಿಂತೆಗೆದುಕೊಳ್ಳಬೇಕು.

ಕಲ್ಯಾಣ್: ತೆಗೆದುಕೊಳ್ಳುವುದಿಲ್ಲ.