ಒಂಬತ್ತು ಮಕ್ಕಳ ಶಾಲೆಯ ವಿಲೀನಕ್ಕೆ ಒಪ್ಪಬೇಕೇ?

ಪ್ರಶ್ನೆ: ಹೊಸನಗರ ತಾಲ್ಲೂಕಿನ ನಮ್ಮೂರ ಕಿರಿಯ ಪ್ರಾಥಮಿಕ ಶಾಲೆಯಲ್ಲಿ ನಾನು ಓದುವಾಗ 46 ಮಕ್ಕಳಿದ್ದೆವು. ಈಗ ನನ್ನ ಮಗಳೂ ಸೇರಿ 9. ನಮ್ಮ ಶಾಲೆಯನ್ನು ಪಕ್ಕದೂರಿನ ಶಾಲೆಯಲ್ಲಿ ವಿಲೀನ ಮಾಡುತ್ತಾರಂತೆ. ಅದು ಎರಡೂವರೆ ಕಿಲೋಮೀಟರ್ ದೂರ, ನಡುವೆ ಹಳ್ಳ. ಜುಲೈ ತಿಂಗಳಲ್ಲಿ ಕಾಲುಸಂಕದ ಮೇಲೆಯೇ ನೀರು ಹರಿಯುತ್ತದೆ. ಆರು ವರ್ಷದವಳನ್ನು ಹೇಗೆ ಕಳುಹಿಸಲಿ? ಸೋಮವಾರ ಎಸ್‌ಡಿಎಂಸಿ (ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯಿದೆ.

ನಿವೃತ್ತ ಮುಖ್ಯ ಶಿಕ್ಷಕ: ಒಪ್ಪಬೇಡಮ್ಮ. ಶಿಕ್ಷಣ ಹಕ್ಕು ನಿಯಮಗಳ ಪ್ರಕಾರ ಐದನೆಯ ತರಗತಿಯವರೆಗಿನ ಮಕ್ಕಳಿಗೆ ಒಂದು ಕಿಲೋಮೀಟರ್ ಒಳಗೆ ಶಾಲೆ ಇರಬೇಕು. ಠರಾವಿನಲ್ಲಿ ಇದನ್ನು ಬರೆಸು.

ಇನ್ನೊಬ್ಬ ತಾಯಿ: ನನ್ನ ಮಗ ಏಕೋಪಾಧ್ಯಾಯ ಶಾಲೆಯಲ್ಲಿದ್ದ. ಮೇಷ್ಟ್ರು ತರಬೇತಿಗೆ ಹೋದರೆ ಪಾಠವೇ ಇಲ್ಲ. ವಿಲೀನವಾದ ಮೇಲೆ ಅವನಿಗೆ ಕಬಡ್ಡಿ ತಂಡ ಸಿಕ್ಕಿತು. ವಾಹನದ ಭರವಸೆಯನ್ನು ಮಾತ್ರ ಬರವಣಿಗೆಯಲ್ಲಿ ಪಡೆಯಿರಿ.

ಪ್ರಶ್ನೆ ಕೇಳಿದವರು: ಎರಡೂ ಶಾಲೆಗಳಿಗೆ ಒಬ್ಬರೇ ಮುಖ್ಯ ಶಿಕ್ಷಕರಿರಲಿ, ಆಡಳಿತ ಒಂದಾಗಲಿ, ಮೂರನೆಯ ತರಗತಿಯವರೆಗಿನ ಮಕ್ಕಳು ಇಲ್ಲಿಯೇ ಕಲಿಯಲಿ ಎಂದು ಕೇಳುತ್ತೇನೆ.