ಸ್ಟೆಬಿಲೈಸೇಶನ್ ಆನ್ ಇದ್ದರೂ ಚಿತ್ರ ಮಸುಕಾಗುವುದೇಕೆ?

ಹೊಸನೋಟ: ನನ್ನ ಕ್ಯಾಮೆರಾದಲ್ಲಿ ಇಮೇಜ್ ಸ್ಟೆಬಿಲೈಸೇಶನ್ (ಕೈಯ ಅಲುಗಾಟವನ್ನು ಸರಿದೂಗಿಸುವ ಸೌಲಭ್ಯ) ಸದಾ ಆನ್ ಆಗಿಯೇ ಇರುತ್ತದೆ. ಆದರೂ ಸಭಾಂಗಣದಲ್ಲಿ ತೆಗೆದ ಮಕ್ಕಳ ನೃತ್ಯದ ಚಿತ್ರಗಳಲ್ಲಿ ಹೆಚ್ಚಿನವು ಮಸುಕಾಗಿವೆ. ಜೂಮ್ 200 ಮಿ.ಮೀ., ಷಟರ್ ವೇಗ 1/25 ಸೆಕೆಂಡ್. ಲೆನ್ಸ್‌ನ ಪೆಟ್ಟಿಗೆಯ ಮೇಲೆ ನಾಲ್ಕು ಸ್ಟಾಪ್ ಪ್ರಯೋಜನ ಎಂದು ಬರೆದಿದೆ, ಅಂದರೆ ಷಟರ್ ವೇಗವನ್ನು ನಾಲ್ಕು ಬಾರಿ ಅರ್ಧಕ್ಕಿಳಿಸಬಹುದು. ಹಾಗಿದ್ದರೆ 1/25ರಲ್ಲಿ ಚಿತ್ರ ಸ್ಪಷ್ಟವಾಗಿ ಬರಬೇಕಲ್ಲವೇ? ಈ ಸೌಲಭ್ಯವನ್ನು ನಂಬುವುದೋ, ಟ್ರೈಪಾಡ್ ಕೊಳ್ಳುವುದೋ?

ಮುಕ್ಕಾಲಿ: ಟ್ರೈಪಾಡ್ ಕೊಳ್ಳಿ. ಕೈ ಎಷ್ಟೇ ಗಟ್ಟಿ ಇದ್ದರೂ ಉಸಿರು, ನಾಡಿಬಡಿತ ಬಿಡುವುದಿಲ್ಲ. ಕ್ಯಾಮೆರಾವನ್ನು ಅಲುಗಾಡಲು ಬಿಟ್ಟು ಆಮೇಲೆ ಸರಿಪಡಿಸುವುದಕ್ಕಿಂತ ಅಲುಗಾಡದಂತೆ ನಿಲ್ಲಿಸುವುದೇ ಸರಿಯಾದ ದಾರಿ.

ಬೆಳಕಿಂಡಿ: ಮುಕ್ಕಾಲಿಯವರೇ, ಕುಣಿಯುವ ಮಕ್ಕಳಿಗೆ ಟ್ರೈಪಾಡ್ ಏನು ಮಾಡೀತು? ಹೊಸನೋಟ ಅವರೇ, ಒಂದು ಚಿತ್ರವನ್ನು ಪೂರ್ಣ ಗಾತ್ರಕ್ಕೆ ಹಿಗ್ಗಿಸಿ ನೋಡಿ. ಕದಲದೆ ನಿಂತ ವಸ್ತುಗಳೂ ಸೇರಿದಂತೆ ಇಡೀ ಚಿತ್ರ ಒಂದೇ ದಿಕ್ಕಿಗೆ ಎಳೆದಂತಿದ್ದರೆ, ದೀಪದ ಚುಕ್ಕೆಗಳು ಗೆರೆಗಳಾಗಿದ್ದರೆ, ಅದು ನಿಮ್ಮ ಕೈಯ ಅಲುಗಾಟ. ಹಿನ್ನೆಲೆ ಸ್ಪಷ್ಟವಾಗಿದ್ದು ಮಕ್ಕಳು ಮಾತ್ರ ಕದಡಿದ್ದರೆ ಅದು ಮಕ್ಕಳ ಚಲನೆ. ಎರಡಕ್ಕೂ ಮದ್ದು ಬೇರೆ ಬೇರೆ.

ಹೊಸನೋಟ: ನೋಡಿದೆ. ಹಿಂದಿನ ಪರದೆಯ ನೆರಿಗೆಗಳನ್ನು ಒಂದೊಂದಾಗಿ ಎಣಿಸಬಹುದು. ಮಗುವಿನ ಮುಖ ಪರವಾಗಿಲ್ಲ, ಆದರೆ ಬೆರಳುಗಳು ಹೊಗೆಯಂತಾಗಿವೆ, ಬಟ್ಟೆಯ ಅಂಚು ಕಾಣುವುದೇ ಇಲ್ಲ. ಒಂದೆರಡು ಚಿತ್ರಗಳಲ್ಲಿ ಮಾತ್ರ ದೀಪಗಳೂ ಗೆರೆಗಳಾಗಿವೆ.

ಬೆಳಕಿಂಡಿ: ಅಂದರೆ ನಿಮ್ಮ ಸ್ಟೆಬಿಲೈಸೇಶನ್ ತನ್ನ ಕೆಲಸವನ್ನು ಮಾಡಿದೆ! 200 ಮಿ.ಮೀ.ನಲ್ಲಿ 1/25ಕ್ಕೆ ಪರದೆಯ ನೆರಿಗೆ ಸಿಕ್ಕಿದೆ ಎಂದರೆ ಅದು ಸಣ್ಣ ಸಾಧನೆಯಲ್ಲ. ಅದು ಕ್ಯಾಮೆರಾದ ಕಂಪನವನ್ನು ತಡೆಯುತ್ತದೆಯೇ ಹೊರತು ಎದುರಿಗಿರುವವರ ಕುಣಿತವನ್ನಲ್ಲ. ನೃತ್ಯಕ್ಕೆ 1/250 ಅಥವಾ ಅದಕ್ಕಿಂತ ವೇಗ ಇಟ್ಟುಕೊಳ್ಳಿ. ಅಪರ್ಚರನ್ನು (ಬೆಳಕು ಒಳಬರುವ ಕಿಂಡಿ) ಪೂರ್ತಿ ತೆರೆದು, ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆಯಾದ ಐಎಸ್‌ಒ 3200ಕ್ಕೆ, ಬೇಕಿದ್ದರೆ 6400ಕ್ಕೆ ಏರಿಸಿ. ಚಿತ್ರದಲ್ಲಿ ಸ್ವಲ್ಪ ಕಾಳು ಕಂಡರೆ ಸಹಿಸಬಹುದು, ಇಲ್ಲದ ಬೆರಳುಗಳನ್ನು ಎಲ್ಲಿಂದ ತರುತ್ತೀರಿ?

ಮುಕ್ಕಾಲಿ: ಕುಣಿತದ ವಿಷಯ ಒಪ್ಪುತ್ತೇನೆ. ಆದರೆ ದೀಪಗಳು ಗೆರೆಯಾದ ಚಿತ್ರಗಳಿಗೆ ಏನು ಹೇಳುತ್ತೀರಿ? ಪೆಟ್ಟಿಗೆಯ ಮೇಲಿನ ನಾಲ್ಕು ಸ್ಟಾಪ್ ಬರೀ ಮಾರಾಟದ ಮಾತು.

ತಿರುಪು: ಮಾರಾಟದ ಮಾತು ಎಂದು ತಳ್ಳಿಹಾಕುವಂತಿಲ್ಲ, ಅಕ್ಷರಶಃ ನಂಬುವಂತೆಯೂ ಇಲ್ಲ. ಹಳೆಯ ಸೂತ್ರದ ಪ್ರಕಾರ 200 ಮಿ.ಮೀ. ಲೆನ್ಸನ್ನು ಕೈಯಲ್ಲಿ ಹಿಡಿದರೆ ಕನಿಷ್ಠ 1/200 ಬೇಕು. ಬಿಂಬ ಹಿಡಿಯುವ ಸೆನ್ಸರ್ ಚಿಕ್ಕದಾದರೆ, ಉದಾಹರಣೆಗೆ ಎಪಿಎಸ್-ಸಿ ಆದರೆ, 1/300. 1/200ರಿಂದ ಇಳಿಯುತ್ತಾ ಹೋದರೆ ಒಂದು ಸ್ಟಾಪ್‌ಗೆ 1/100, ಎರಡಕ್ಕೆ 1/50, ಮೂರಕ್ಕೆ 1/25, ನಾಲ್ಕಕ್ಕೆ ಸುಮಾರು 1/13. ಈ ಅಂಕಿಯನ್ನು ಕ್ಯಾಮೆರಾ ತಯಾರಕರ ಸಂಘವಾದ ಸಿಪಾದ ಮಾನದಂಡದಂತೆ, ಗೊತ್ತಾದ ರೀತಿಯಲ್ಲಿ ಅಲುಗಾಡುವ ಯಂತ್ರದ ಮೇಲೆ ಕ್ಯಾಮೆರಾ ಇಟ್ಟು ಅಳೆಯುತ್ತಾರೆ. ನಿಮ್ಮ ಕೈ ಆ ಯಂತ್ರದಂತೆ ಅಲುಗಾಡಬೇಕೆಂದಿಲ್ಲ. ಆದ್ದರಿಂದ ನಾಲ್ಕು ಎಂದಿದ್ದರೆ ಎರಡೂವರೆ, ಮೂರು ಎಂದು ಎಣಿಸಿಕೊಂಡು ಚಿತ್ರ ತೆಗೆಯುವುದು ಕ್ಷೇಮ.

ಒಳಗೆ ನಡೆಯುವುದು ಇಷ್ಟು. ಕ್ಯಾಮೆರಾ ಎತ್ತ, ಎಷ್ಟು ವೇಗವಾಗಿ ಓಲುತ್ತಿದೆ ಎಂಬುದನ್ನು ಗೈರೋ ಸೆನ್ಸರ್ ಪತ್ತೆ ಮಾಡುತ್ತದೆ. ಲೆನ್ಸ್‌ನೊಳಗಿನ ಒಂದು ಗಾಜಿನ ಗುಂಪು ಅದಕ್ಕೆ ಎದುರಾಗಿ ಸರಿಯುತ್ತದೆ. 1995ರಲ್ಲಿ ಕ್ಯಾನನ್ ತನ್ನ 75-300 ಮಿ.ಮೀ. ಲೆನ್ಸ್‌ನಲ್ಲಿ ತಂದದ್ದು ಈ ವಿಧಾನ. 2003ರಲ್ಲಿ ಬಂದ ಮಿನೋಲ್ಟಾ ಡಿಮಾಜ್ ಎ1 ಕ್ಯಾಮೆರಾದಲ್ಲಿ ಗಾಜಿನ ಬದಲು ಬಿಂಬ ಹಿಡಿಯುವ ಸೆನ್ಸರೇ ಸರಿಯತೊಡಗಿತು. ಉದ್ದ ಜೂಮ್‌ಗೆ ಲೆನ್ಸ್‌ನೊಳಗಿನದು ಹೆಚ್ಚು ಸಮರ್ಥ, ಏಕೆಂದರೆ ಅಲ್ಲಿ ಕೈ ಕೂದಲೆಳೆಯಷ್ಟು ಓಲಿದರೂ ಬಿಂಬ ಬಹುದೂರ ಸರಿಯುತ್ತದೆ. ಸೆನ್ಸರಿಗೆ ಅಷ್ಟು ಓಡಾಡಲು ಜಾಗವಿರುವುದಿಲ್ಲ. ಆದರೆ ಬಟನ್ ಒತ್ತುವಾಗ ಕ್ಯಾಮೆರಾ ಚಕ್ರದಂತೆ ತಿರುಗುತ್ತದಲ್ಲ, ಆ ತಿರುವನ್ನು ಸರಿಪಡಿಸಲು ಸೆನ್ಸರಿಗೆ ಮಾತ್ರ ಸಾಧ್ಯ.

ರೆಕ್ಕೆ: ನಾನು ಹಕ್ಕಿಗಳ ಚಿತ್ರ ತೆಗೆಯುವವಳು. 1/2000ರಲ್ಲಿ ಹಾರುವ ಹಕ್ಕಿಯನ್ನು ಹಿಂಬಾಲಿಸುವಾಗ ಸ್ಟೆಬಿಲೈಸೇಶನನ್ನು ಆಫ್ ಮಾಡುತ್ತೇನೆ. ಆ ವೇಗದಲ್ಲಿ ಅದರಿಂದ ಲಾಭವಿಲ್ಲ, ಬ್ಯಾಟರಿಯೂ ಉಳಿಯುತ್ತದೆ. ‘ಸದಾ ಆನ್’ ಎಂಬ ಅಭ್ಯಾಸವೇ ತಪ್ಪು.

ತಿರುಪು: ಇಲ್ಲಿ ನನ್ನ ತಕರಾರಿದೆ. ಲೆನ್ಸ್‌ನೊಳಗಿನ ಸ್ಟೆಬಿಲೈಸೇಶನ್ ಆನ್ ಇದ್ದರೆ ವ್ಯೂಫೈಂಡರಿನಲ್ಲಿ ಕಾಣುವ ಬಿಂಬವೂ ನೆಲೆ ನಿಲ್ಲುತ್ತದೆ. ಕೊಂಬೆಯ ಮೇಲೆ ಕೂತ ಹಕ್ಕಿಯ ಕಣ್ಣಿನ ಮೇಲೆ ಫೋಕಸ್ ಚುಕ್ಕೆ ಇಡಲು 400 ಮಿ.ಮೀ.ನಲ್ಲಿ ಇದು ದೊಡ್ಡ ಸಹಾಯ. ಲಾಭವನ್ನು ಷಟರ್ ವೇಗದಿಂದ ಮಾತ್ರ ಅಳೆಯಬೇಡಿ.

ರೆಕ್ಕೆ: ಕೂತ ಹಕ್ಕಿಗೆ ಸರಿ. ಹಾರುವ ಹಕ್ಕಿಯ ಜೊತೆ ಕ್ಯಾಮೆರಾ ತಿರುಗಿಸುವಾಗ ಸಾಮಾನ್ಯ ಮೋಡ್ ನನ್ನ ತಿರುವನ್ನೇ ಅಲುಗಾಟವೆಂದು ಭಾವಿಸಿ ಬಿಂಬವನ್ನು ಹಿಂದಕ್ಕೆಳೆಯುತ್ತದೆ. ಅದಕ್ಕೆಂದೇ ಹಲವು ಲೆನ್ಸ್‌ಗಳಲ್ಲಿ ಎರಡನೆಯ ಮೋಡ್ ಇರುತ್ತದೆ. ಅಡ್ಡಡ್ಡ ತಿರುವನ್ನು ಅದರ ಪಾಡಿಗೆ ಬಿಟ್ಟು ಮೇಲೆ ಕೆಳಗಿನ ಕಂಪನವನ್ನಷ್ಟೇ ಅದು ಹಿಡಿಯುತ್ತದೆ. ಆ ಮೋಡ್ ಇಲ್ಲದ ಲೆನ್ಸ್‌ನಲ್ಲಿ ಆಫ್ ಮಾಡುವುದೇ ಮೇಲು ಎಂಬ ನನ್ನ ಮಾತು ಬದಲಾಗದು.

ಹೊಸನೋಟ: ಟ್ರೈಪಾಡ್ ಮೇಲೆ ಇಟ್ಟಾಗಲೂ ಆಫ್ ಮಾಡಬೇಕೇ?

ಮುಕ್ಕಾಲಿ: ಖಂಡಿತ ಮಾಡಿ. ಕಂಪನವೇ ಇಲ್ಲದ ಕಡೆ ಹಳೆಯ ಲೆನ್ಸ್‌ಗಳು ಕಂಪನವನ್ನು ಹುಡುಕುತ್ತಾ ತಾವೇ ಬಿಂಬವನ್ನು ಅಲುಗಾಡಿಸುತ್ತವೆ. ಹೊಸ ಲೆನ್ಸ್‌ಗಳಲ್ಲಿ ಹಲವು ಟ್ರೈಪಾಡನ್ನು ಗುರುತಿಸುತ್ತವೆ ನಿಜ, ಆದರೂ ದೀರ್ಘ ಎಕ್ಸ್‌ಪೋಷರಿನಲ್ಲಿ ಆ ಗುರುತಿಸುವಿಕೆಯನ್ನೇ ನಂಬಿಕೊಳ್ಳುವುದು ಬೇಡ.

ಬೆಳಕಿಂಡಿ: ಇನ್ನು ಆ ಗೆರೆಯಾದ ದೀಪಗಳ ವಿಷಯ. ಬಟನ್ನನ್ನು ಒಮ್ಮೆಲೇ ಒತ್ತಿಬಿಟ್ಟಿದ್ದೀರಿ ಎಂಬುದು ನನ್ನ ಅನುಮಾನ. ಅರ್ಧ ಒತ್ತಿ, ಬಿಂಬ ನೆಲೆ ನಿಲ್ಲುವವರೆಗೆ ಸುಮಾರು ಒಂದು ಸೆಕೆಂಡ್ ಕಾಯಿರಿ. ಬಿಂಬ ತೇಲುವುದು ನಿಂತದ್ದು ವ್ಯೂಫೈಂಡರಿನಲ್ಲಿ ಕಣ್ಣಿಗೇ ಕಾಣುತ್ತದೆ. ಆಮೇಲೆ ಮೊಣಕೈಗಳನ್ನು ಪಕ್ಕೆಗೆ ಒತ್ತಿಕೊಂಡು, ಎಡಗೈಯಿಂದ ಲೆನ್ಸನ್ನು ಕೆಳಗಿನಿಂದ ಹೊತ್ತು, ಬೆರಳನ್ನು ಮೆಲ್ಲಗೆ ಇಳಿಸಿ. ಮೂರು ನಾಲ್ಕು ಚಿತ್ರಗಳನ್ನು ಒಂದೇ ಸಮನೆ ತೆಗೆಯಿರಿ. ಬೆರಳು ಒತ್ತುವ ಎಳೆತ ಮೊದಲನೆಯದರಲ್ಲಿ ಸೇರಿಕೊಂಡಿರುತ್ತದೆ, ನಡುವಿನದು ಸಾಮಾನ್ಯವಾಗಿ ಹೆಚ್ಚು ಸ್ಪಷ್ಟವಾಗಿರುತ್ತದೆ.

ಹೊಸನೋಟ: ಅರ್ಧ ಒತ್ತಿ ಕಾಯುವಷ್ಟರಲ್ಲಿ ನೃತ್ಯದ ಭಂಗಿ ಮುಗಿದುಹೋಗುತ್ತದಲ್ಲ?

ಬೆಳಕಿಂಡಿ: ಭಂಗಿ ಬರುವ ಮೊದಲೇ ಅರ್ಧ ಒತ್ತಿ ಹಿಡಿದಿರಿ. ಫೋಕಸ್ ಮಾತ್ರ ಸತತವಾಗಿ ಹಿಂಬಾಲಿಸುವ ಮೋಡ್‌ನಲ್ಲಿರಲಿ, ಇಲ್ಲದಿದ್ದರೆ ಮಗು ಮುಂದೆ ಬಂದಾಗ ಫೋಕಸ್ ಹಿಂದೆಯೇ ಉಳಿಯುತ್ತದೆ.