‘ಮಾಹಿತಿದಾರ’ ಬೇಡ, ಬೇರೆ ಪದ ಇದೆಯಾ?

ಗೆಳೆಯರೇ,

ಸೋಲಿಗರ ಗಿಡಮೂಲಿಕೆಗಳ ಬಗ್ಗೆ ಸಂಶೋಧನೆ ಮಾಡುವ ತಂಡವೊಂದರ ಒಪ್ಪಿಗೆ ಪತ್ರವನ್ನು ಕನ್ನಡಕ್ಕೆ ತರುತ್ತಿದ್ದೇನೆ. ಸಹಿಯ ಜಾಗದಲ್ಲಿ ‘ಮಾಹಿತಿದಾರರು’ ಅಂತ ಬರೆದಿದ್ದೆ. ಬಿಳಿಗಿರಿರಂಗನ ಬೆಟ್ಟದ ಪೋಡೊಂದರಲ್ಲಿ, ಅಂದರೆ ಸೋಲಿಗರ ಹಾಡಿಯಲ್ಲಿ, ಅದನ್ನು ಓದಿ ಹೇಳಿದಾಗ ಹಿರಿಯರೊಬ್ಬರು ಹೆಬ್ಬೆಟ್ಟಿಗೆ ಹಚ್ಚಿದ್ದ ಮಸಿಯನ್ನು ಪಂಚೆಗೆ ಒರೆಸಿಕೊಂಡರು. “ಪೊಲೀಸ್‌ನೋರಿಗೆ ಸುದ್ದಿ ಕೊಡೋನಲ್ವಾ ಅದು?” ಅಂದರು. ವೀರಪ್ಪನ್ ಕಾಲದಲ್ಲಿ ಆ ಅನುಮಾನಕ್ಕೇ ಜನ ಜೀವ ಕಳೆದುಕೊಂಡ ಸೀಮೆ ಅದು. ನನಗೆ ಮೊದಲೇ ಹೊಳೆಯಬೇಕಿತ್ತು.

ಪದದಲ್ಲಿ ಇನ್ನೊಂದು ತೊಡಕೂ ಇದೆ. ಮಾಹಿತಿ ಕೊಟ್ಟ ಮೇಲೆ ಅವನಿಗೂ ಅದಕ್ಕೂ ಸಂಬಂಧ ಮುಗಿಯಿತು ಅನ್ನುವ ಹಾಗೆ ಕೇಳಿಸುತ್ತದೆ. ಕೇರಳದ ಅಗಸ್ತ್ಯಮಲೆಯ ಕಾಣಿ ಬುಡಕಟ್ಟಿನವರ ಕತೆ ನೋಡಿ. 1987ರಲ್ಲಿ ವಿಜ್ಞಾನಿಗಳಿಗೆ ಕಾಡಿನಲ್ಲಿ ದಾರಿ ತೋರಿಸಲು ಹೋದವರು ಸಣ್ಣದೊಂದು ಹಣ್ಣು ತಿನ್ನುತ್ತಾ ದಣಿವಿಲ್ಲದೆ ನಡೆದರು. ಯಾವ ಗಿಡದ್ದು ಅಂತ ಕೇಳಿದರೆ ಮೊದಲು ಹೇಳಲೇ ಇಲ್ಲ. ಅದು ಆರೋಗ್ಯಪಚ್ಚ. ಮುಂದೆ ಅದರಿಂದ ‘ಜೀವನಿ’ ಎಂಬ ಔಷಧ ಬಂತು. ಲೈಸೆನ್ಸ್ ಹಣ, ರಾಯಲ್ಟಿ ಎರಡರಲ್ಲೂ ಅರ್ಧ ಕಾಣಿಗಳಿಗೆ ಅಂತಾಯಿತು, 1997ರಲ್ಲಿ ಅವರದೇ ಟ್ರಸ್ಟ್ ಕೂಡ ಆಯಿತು. ಆ ಕಾಲಕ್ಕೆ ಅದು ದೊಡ್ಡ ಹೆಜ್ಜೆಯೇ. ಆದರೆ ಗುಟ್ಟು ಹೇಳಿದವರು ಬೆರಳೆಣಿಕೆಯ ಮಂದಿ. ನಮ್ಮನ್ನೂ ಕೇಳಬೇಕಿತ್ತು ಅಂತ ಕಾಣಿಗಳಲ್ಲೇ ಕೆಲವು ವೈದ್ಯರು ತಕರಾರು ತೆಗೆದರು.

ಹಾಗಾಗಿ ನನಗೆ ಬೇಕಿರುವುದು ಎರಡು ಪದ. ಮೊದಲನೆಯದು, ಹೇಳಿಕೊಟ್ಟವರಿಗೆ. ಜಾನಪದದವರು ‘ವಕ್ತೃ’ ಅನ್ನುತ್ತಾರೆ. ಹಾಡಿಗೆ, ಕತೆಗೆ ಅದು ಸರಿ. ಆದರೆ ಎಲೆ ಹೊಸಕಿ ಸುಮ್ನೆ ನನ್ನ ಮೂಗಿಗೆ ಹಿಡಿದ ಅಜ್ಜಿಯನ್ನು ವಕ್ತೃ ಅನ್ನುವುದು ಹೇಗೆ? ನನಗೆ ‘ಬಲ್ಲವರು’ ಹಿಡಿಸಿದೆ.

ಎರಡನೆಯದು ಕಷ್ಟ. ಅರಿವು ಯಾರೆಲ್ಲರದೋ ಆ ಇಡೀ ಸಮುದಾಯಕ್ಕೆ ಏನನ್ನೋಣ? 2006ರ ಅರಣ್ಯ ಹಕ್ಕು ಕಾಯ್ದೆಯೂ ಪಾರಂಪರಿಕ ಅರಿವಿನ ಮೇಲೆ ಸಮುದಾಯದ ಹಕ್ಕನ್ನು ಒಪ್ಪುತ್ತದೆ. ‘ಒಡೆಯರು’ ಅಂದರೆ ಈ ಕಡೆ ಜಮೀನ್ದಾರರೋ ಮಹಾರಾಜರೋ ನೆನಪಾಗುತ್ತಾರೆ. ‘ವಾರಸುದಾರರು’ ಅಂದರೆ ಆಸ್ತಿ ಜಗಳ. ‘ಹಕ್ಕುದಾರರು’ ಪರವಾಗಿಲ್ಲ, ಆದರೆ ಕಚೇರಿ ವಾಸನೆ ಜಾಸ್ತಿ.

ನಿಮ್ಮ ಕಡೆಯ ನಾಟಿ ವೈದ್ಯರು, ಹಾಲಕ್ಕಿಗಳು, ಜೇನುಕುರುಬರು ‘ಈ ಮದ್ದು ನಮ್ಮದು’ ಅನ್ನುವುದನ್ನು ಯಾವ ಮಾತಿನಲ್ಲಿ ಹೇಳುತ್ತಾರೆ? ಕೇಳಿ ತಿಳಿಸುತ್ತೀರಾ? ಹೊಸದಾಗಿ ಕಟ್ಟಿದ ಪದ ಬೇಡ. ಮುಂದಿನ ಸಲ ಪೋಡಿಗೆ ಹೋದಾಗ ಅದನ್ನು ಮೊದಲು ಆ ಹಿರಿಯರಿಗೇ ಓದಿ ತೋರಿಸಬೇಕು.